ಗೆರೆ ಮೂಡದ ಮಂಗಳವಾರ

ಕಳೆದ ವರ್ಷ ಏಪ್ರಿಲ್ ತಿಂಗಳ ಮೊದಲ ಮಂಗಳವಾರ, ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷಕ್ಕೆ, ವಾಡಿ–ಶಹಾಬಾದ ನಡುವಿನ ಒಂದು ಲಾರಿ ಯಾರ್ಡಿನಲ್ಲಿ ನಲವತ್ನಾಲ್ಕು ವರ್ಷದ ಚಾಲಕರೊಬ್ಬರ ಜೊಲ್ಲಿನ ಪರೀಕ್ಷೆ ಪಾಸಿಟಿವ್ ಬಂತು. ಪರೀಕ್ಷೆಯ ಫಲ ಓದಿದ್ದು ಒಂದು ಮೊಬೈಲ್ ಫೋನ್. ಅದರ ಪರದೆಯಲ್ಲಿ ‘ಗಾಂಜಾ’ ಎಂಬ ಪದದ ಮುಂದೆ ಕೆಂಪು ಚುಕ್ಕೆ ಬಿತ್ತು. ಒಂಬತ್ತು ಗಂಟೆಯೊಳಗೆ ಅವರ ಗೇಟ್ ಪಾಸ್ ಕಸಿದುಕೊಳ್ಳಲಾಯಿತು.

ಆ ಸುದ್ದಿ ಬರೆದವನು ನಾನು. ಯಾರ್ಡಿಗೆ ಹೋಗದೆ ಬರೆದೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ನಾನಿರುವುದು ಚಿತ್ತಾಪುರದಲ್ಲಿ, ಬಸ್ ನಿಲ್ದಾಣದ ಹತ್ತಿರದ ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಕಲಬುರಗಿಯಲ್ಲಿ ಅಚ್ಚಾಗುವ ಒಂದು ದಿನಪತ್ರಿಕೆಗೆ ಚಿತ್ತಾಪುರ, ವಾಡಿ, ಶಹಾಬಾದ, ಸೇಡಂ, ಚಿಂಚೋಳಿ ಈ ಐದೂ ಊರಿನ ಸುದ್ದಿ ಕಳಿಸುವುದು ಹತ್ತೊಂಬತ್ತು ವರ್ಷದಿಂದ ನನ್ನ ಕೆಲಸ. ರಸ್ತೆ ತಗ್ಗು, ರೈಲು ತಡ, ಕಲ್ಲಿನ ಗಣಿಯಲ್ಲಿ ನೀರು, ಶಾಲೆಯ ವಾರ್ಷಿಕೋತ್ಸವ. ಹೆಚ್ಚಿನವನ್ನು ನೋಡಿ ಬರೆಯುತ್ತೇನೆ. ಕೆಲವನ್ನು ಕೇಳಿ ಬರೆಯುತ್ತೇನೆ. ಆ ಮಂಗಳವಾರ ಸೇಡಂನಲ್ಲಿ ತೊಗರಿ ಬೆಳೆಗಾರರ ಸಭೆ ಇತ್ತು, ಅಲ್ಲಿದ್ದೆ. ಯಾರ್ಡಿನ ಸೂಪರ್‌ವೈಸರ್ ವಾಟ್ಸಾಪ್‌ನಲ್ಲಿ ಪರದೆಯ ಚಿತ್ರ ಕಳಿಸಿದರು. ಸಭೆಯಲ್ಲಿ ಮೂರನೇ ಭಾಷಣ ನಡೆದಿತ್ತು. ಕುಳಿತಲ್ಲೇ ಬೆರಳಲ್ಲಿ ಒತ್ತಿ ನಾಲ್ಕು ಸಾಲು ಕಳಿಸಿದೆ. ಬುಧವಾರದ ಐದನೇ ಪುಟದ ಎಡಗಡೆ, ಕೆಳಗೆ ಬಂತು:

‘ವಾಡಿ: ಸಮೀಪದ ಲಾರಿ ಯಾರ್ಡಿನಲ್ಲಿ ಮಂಗಳವಾರ ನಡೆದ ಮೊಬೈಲ್ ಆಧಾರಿತ ಲಾಲಾರಸ ಪರೀಕ್ಷೆಯಲ್ಲಿ ಚಿಂಚೋಳಿ ತಾಲ್ಲೂಕಿನ 44 ವರ್ಷದ ಚಾಲಕರೊಬ್ಬರು ಗಾಂಜಾ ಸೇವಿಸಿರುವುದು ದೃಢಪಟ್ಟಿದೆ. ಅವರ ಗೇಟ್ ಪಾಸ್ ತಡೆಹಿಡಿಯಲಾಗಿದೆ.’

ಪರದೆಯ ಚಿತ್ರದಲ್ಲಿ ಕೆಂಪು ಚುಕ್ಕೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಇದು ಪ್ರಾಥಮಿಕ ಫಲಿತಾಂಶ, ಪ್ರಯೋಗಾಲಯದಲ್ಲಿ ಖಚಿತವಾಗಬೇಕು ಎಂದು. ಅದನ್ನು ಓದಿದ್ದೆ. ಬರೆಯುವಾಗ ಬಿಟ್ಟೆ.

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಕೋಣೆಯ ಬಾಗಿಲಲ್ಲಿ ಒಬ್ಬರು ನಿಂತರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಲೈಸೆನ್ಸ್ ಇಡುವ ಪ್ಲಾಸ್ಟಿಕ್ ಚೀಲ.

“ಪೇಪರಿನೋರು ನೀವೇನ್ರಿ?”

“ಹೌದ್ರಿ. ಬರ್ರಿ, ಕುಂದ್ರಿ.”

“ಕುಂದರ್ಲಿಕ್ಕ ಬಂದಿಲ್ರಿ ನಾ,” ಎಂದು ಹೇಳಿ ಕುಳಿತರು. ಚೀಲದಿಂದ ನಾಲ್ಕು ಸಾಲಿನ ಸುದ್ದಿಯ ತುಂಡು ತೆಗೆದು ಮೇಜಿನ ಮೇಲಿಟ್ಟರು. ಅಂಚು ಕತ್ತರಿಯಿಂದ ನೇರವಾಗಿ ಕತ್ತರಿಸಲಾಗಿತ್ತು. “ಇದ ನೀವ ಬರ್ದದ್ದಾ?”

“ನಾನೇ.”

“ನನ್ನ ಹೆಸರಿಲ್ಲ ಇದ್ರಾಗ.”

“ಇಂಥಾ ಸುದ್ದಿಯೊಳಗ ಹೆಸರು ಹಾಕೂದಿಲ್ರಿ ನಾವು.”

“ಭಾಳ ಛಲೋ ಮಾಡೀರಿ. ಆ ಯಾರ್ಡಿಗಿ ಚಿಂಚೋಳಿ ಕಡಿಂದ ಬರಾಂವ ನಾ ಒಬ್ಬನ. ನಲವತ್ನಾಕು ವರ್ಷದಾಂವನೂ ನಾ ಒಬ್ಬನ. ಹೆಸರು ಒಂದು ಉಳಿಸೀರಿ ನೋಡ್ರಿ, ಮೆಹರ್ಬಾನಿ.”

ಅವರ ಮನೆ ಚಂದಾಪುರದಲ್ಲಿ. ಬುಧವಾರ ಬೆಳಿಗ್ಗೆ ಕಟಿಂಗ್ ಅಂಗಡಿಯಲ್ಲಿ ಗಡ್ಡ ಮಾಡಿಸಿಕೊಳ್ಳುತ್ತಿದ್ದರಂತೆ. ಪಕ್ಕದ ಕುರ್ಚಿಯವನು ಸುದ್ದಿಯನ್ನು ಗಟ್ಟಿಯಾಗಿ ಓದಿದ.

“ಅರ್ಧ ಗಡ್ಡ ಬೋಳಿಸಿತ್ರಿ. ಎದ್ದು ಬರ್ಲಿಕ್ಕೂ ಆಗಲ್ಲ, ಕುಂತು ಕೇಳ್ಲಿಕ್ಕೂ ಆಗಲ್ಲ. ಎದುರಿಗಿ ಕನ್ನಡಿ ಬ್ಯಾರೆ. ಅದ್ರಾಗ ಎಲ್ಲಾರೂ ನನ್ನೇ ನೋಡ್ಲಿಕತ್ತಾರ. ಕ್ಷೌರದಾಂವ ಕೇಳ್ದ, ‘ಮಾವಾ, ಖರೇನು?’ ಅಂತ. ಕತ್ತಿ ಗಂಟಲದ ಮ್ಯಾಲ ಅದ, ಏನ್ ಹೇಳ್ಲಿ?”

ನನಗೆ ನಗು ಬಂತು. ಅವರಿಗೂ ಬಂತು, ಆದರೆ ಬೇಗ ಹೋಯಿತು. ಯಾರ್ಡಿನ ನಿಯಮ ಹೇಳಿದರು. ಪಾಸಿಟಿವ್ ಬಂದವರ ಪಾಸ್ ಮೂವತ್ತು ದಿನ ತಡೆಯುತ್ತಾರೆ. ಅಷ್ಟರೊಳಗೆ ತಪ್ಪಿಲ್ಲ ಎಂದು ತೀರ್ಮಾನವಾಗದಿದ್ದರೆ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ.

“ಒಮ್ಮಿ ಲಿಸ್ಟಿನ್ಯಾಗಿಂದ ಹೆಸರು ಹೋತಂದ್ರ ಈ ಲೈನಿನ್ಯಾಗ ಯಾವಾನೂ ಸ್ಟೇರಿಂಗ್ ಕೊಡಲ್ರಿ. ಇಪ್ಪತ್ತೆರಡು ವರ್ಷ ಗಾಡಿ ಹೊಡದೀನಿ. ಬ್ಯಾರೆ ಕೆಲಸ ನನಗ ಬರಲ್ಲ. ಬೀಡಿ ಸುದ್ದಾ ಸೇದಲ್ರಿ ನಾ. ತಂಬಾಕು ಬಿಟ್ಟು ಆರು ವರ್ಷಾತು.”

ಇಂಥ ಹೊತ್ತಿನಲ್ಲಿ ಕೇಳಬೇಕಾದ ಪ್ರಶ್ನೆ ಕೇಳಿದೆ. ಪರೀಕ್ಷೆಗೆ ಮೊದಲು ಏನು ತಿಂದಿದ್ದಿರಿ?

“ಏನೂ ತಿಂದಿಲ್ರಿ.”

“ಕುಡದದ್ದು?”

“ಸೇಡಂ ಟೇಶನ್ದಾಗ ಒಂದು ಚಾ. ಏಳಕ್ಕ. ಅದಾದ್ಮ್ಯಾಲ ನೀರು ಸುದ್ದಾ ಇಲ್ಲ.”

ನೋಟ್‌ಬುಕ್ಕಿನಲ್ಲಿ ‘ಏನೂ ತಿಂದಿಲ್ಲ’ ಎಂದು ಬರೆದುಕೊಂಡೆ. ಆ ಎರಡು ಪದ ಹನ್ನೆರಡು ದಿನ ಅಲ್ಲೇ ಬಿದ್ದಿದ್ದವು.

ಏಳುವಾಗ ಚಾಲಕರು ಸುದ್ದಿಯ ತುಂಡನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು. “ನೀವ ಬರ್ದೀರಿ, ನೀವ ಅಳಸ್ರಿ,” ಎಂದು ಹೇಳಿ ಮೆಟ್ಟಿಲಿಳಿದರು.

ಕಲಬುರಗಿಗೆ ಫೋನ್ ಮಾಡಿದೆ. ಸುದ್ದಿ ವಿಭಾಗದ ಮುಖ್ಯಸ್ಥರು ನನಗಿಂತ ಹತ್ತು ವರ್ಷ ಹಿರಿಯರು. ಊಟ ಮಾಡುತ್ತಲೇ ಮಾತಾಡುತ್ತಾರೆ.

“ಲ್ಯಾಬಿನ ವರದಿ ಬಂತೇನು?”

“ಇಲ್ರಿ. ಅವತ್ತೇ ಇನ್ನೊಂದು ಸ್ಯಾಂಪಲ್ ತಗೊಂಡು ಹೈದರಾಬಾದಿಗಿ ಕಳಿಸ್ಯಾರಂತ. ಯಾವಾಗ ಬರ್ತದ ಅಂತ ಯಾರಿಗೂ ಗೊತ್ತಿಲ್ಲ.”

“ಮತ್ತ ಯಾವ ಆಧಾರದ ಮ್ಯಾಲ ತಿದ್ದತೀಯೋ?”

“ಯಾವ ಆಧಾರದ ಮ್ಯಾಲ ‘ದೃಢಪಟ್ಟಿದೆ’ ಅಂತ ಹಾಕಿದ್ವಿ?”

ಆ ಕಡೆ ಅಗಿಯುವ ಸದ್ದು ನಿಂತಿತು. “ಅದು ನಿನ್ನ ಪದ, ನಂದಲ್ಲ. ತಲಿ ತಿನಬ್ಯಾಡ. ಫ್ಯಾಕ್ಟ್ ತಾ, ಮರುದಿನ ಹಾಕ್ತೀನಿ.”

ಪಾಸ್ ತಡೆದ ಹದಿನಾರನೇ ದಿನ, ಬುಧವಾರ, ಯಾರ್ಡಿಗೆ ಹೋದೆ. ಇಷ್ಟು ತಡವೇಕೆ ಎಂದರೆ ನಡುವೆ ವಾಡಿಯಲ್ಲಿ ಕುಡಿಯುವ ನೀರಿನ ಗಲಾಟೆ ಇತ್ತು, ಚಿಂಚೋಳಿಯಲ್ಲಿ ಎರಡು ದಿನ ಬೇರೆ ಕೆಲಸ ಇತ್ತು. ಇದು ಕಾರಣ, ಸಮರ್ಥನೆಯಲ್ಲ.

ಯಾರ್ಡಿನಲ್ಲಿ ಶಹಾಬಾದ ಕಲ್ಲಿನ ಹಾಸುಗಳನ್ನು, ಇಲ್ಲಿಯವರು ಪರಸಿ ಅನ್ನುವುದನ್ನು, ಲಾರಿಗೆ ಹೇರುತ್ತಾರೆ. ಸುತ್ತ ಎಲ್ಲವೂ ಬೂದು. ಗೇಟಿನ ಪಕ್ಕ ತಗಡಿನ ಒಂದು ಕೋಣೆ. ಅದರೊಳಗೆ ಪಾಲಿಶ್ ಮಾಡಿದ ಒಂದು ಪರಸಿಯೇ ಮೇಜು. ಮೇಜಿನ ಮೇಲೆ ಬೂಟಿನ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆ, ಅದರ ನೆತ್ತಿಯಲ್ಲಿ ಫೋನ್ ಇಡಲು ಒಂದು ತೂತು. ಇಷ್ಟೇ ಪ್ರಯೋಗಾಲಯ. ನಡೆಸುವವಳು ಸೇಡಂನ ಇಪ್ಪತ್ಮೂರು ವರ್ಷದ ಹುಡುಗಿ, ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮಾಡಿದವಳು. ದಿನಾ ಬೆಳಿಗ್ಗೆ ರೈಲಿನಲ್ಲಿ ವಾಡಿಗೆ ಬಂದು, ಅಲ್ಲಿಂದ ಶೇರ್ ಆಟೊದಲ್ಲಿ ಬರುತ್ತಾಳೆ.

ಕೆಲಸ ಹೇಗೆ ಎಂದು ಕೇಳಿದೆ. ಬೇಸರವಿಲ್ಲದೆ ಹೇಳಿದಳು. ಬೆಳಿಗ್ಗೆ ಬಂದ ಚಾಲಕರಲ್ಲಿ ಐವರನ್ನು ಫೋನೇ ಆರಿಸುತ್ತದೆ. ಆರಿಸಿದವರಿಗೆ ಒಂದು ಕಡ್ಡಿ ಕೊಡುತ್ತಾಳೆ. ಅದರ ತುದಿಯಲ್ಲಿ ಸ್ಪಂಜು. ಗಲ್ಲದೊಳಗೆ ಇಟ್ಟುಕೊಂಡರೆ ಜೊಲ್ಲು ಹೀರುತ್ತದೆ. ಸಾಕಷ್ಟು ಹೀರಿದ ಮೇಲೆ ಕಡ್ಡಿಯ ಬುಡ ನೀಲಿಯಾಗುತ್ತದೆ. ಆಮೇಲೆ ಸ್ಪಂಜನ್ನು ಹಿಂಡಿ, ಆ ಹನಿಗಳನ್ನು ಒಂದು ಪಟ್ಟಿಗೆ ಬಿಟ್ಟು, ಪಟ್ಟಿಯನ್ನು ಪೆಟ್ಟಿಗೆಯೊಳಗೆ ತಳ್ಳುತ್ತಾಳೆ. ಎಂಟು ನಿಮಿಷಕ್ಕೆ ಫೋನ್ ಅದರ ಚಿತ್ರ ತೆಗೆದು ಫಲ ಹೇಳುತ್ತದೆ. ಐದು ಬಗೆಯ ಅಮಲಿಗೆ ಐದು ಗೆರೆ.

“ಗೆರಿ ಬಂದ್ರ ಅಮಲು ಇಲ್ಲ ಸರ್. ಗೆರಿ ಬರ್ಲಿಲ್ಲಂದ್ರ ಅದ.”

“ಉಲ್ಟಾ?”

“ಉಲ್ಟಾನೇ. ಡ್ರೈವರ್ ಮಂದಿಗಿ ಹೇಳಿ ಹೇಳಿ ಸಾಕಾಗೇದ. ‘ಇಲ್ಲದ್ದು ಬಂದ್ರ ಇಲ್ಲ, ಬರದಿದ್ರ ಅದ, ಇದೇನ್ ಕಾರಭಾರ ಮೇಡಂ’ ಅಂತ ಜಗಳಾ ತೆಗೀತಾರ.”

ಕಡ್ಡಿ ಬಾಯಲ್ಲಿಟ್ಟುಕೊಂಡವರು ಕೋಣೆಯೊಳಗೆ ಕೂರುವುದಿಲ್ಲ, ತಗಡಿನ ಕಾವು ತಡೆಯದು. ಹೊರಗೆ ಬೇವಿನ ನೆರಳಲ್ಲಿ ಚಹಾದಂಗಡಿಯ ಬೆಂಚಿನ ಮೇಲೆ ಕೂರುತ್ತಾರೆ. ನಾನು ಹೋದಾಗ ಮೂವರು ಮೀಸೆಯ ಗಂಡಸರು ಸಾಲಾಗಿ ಕುಳಿತು, ಒಂದೊಂದು ಕಡ್ಡಿ ಕಚ್ಚಿಕೊಂಡು, ಮಾತಾಡಲಾಗದೆ ರಸ್ತೆ ನೋಡುತ್ತಿದ್ದರು. ಜಾತ್ರೆಯ ಸಕ್ಕರೆ ಮಿಠಾಯಿ ಚೀಪುವ ಮಕ್ಕಳ ಹಾಗೆ ಕಂಡರು. ಅಂಗಡಿ ನಡೆಸುವುದು ಶಹಾಬಾದಿನ ಒಬ್ಬ ಹೆಂಗಸು, ಅರವತ್ತು ದಾಟಿದವರು. ಯಾರ್ಡಿಗೆಲ್ಲ ಕಾಕಿ, ಅಂದರೆ ಚಿಕ್ಕಮ್ಮ.

ಸುದ್ದಿಗೆ ವಿವರ ಬೇಕು, ನನ್ನದೂ ಪರೀಕ್ಷೆ ಮಾಡು ಎಂದು ಕೇಳಿದೆ. ಹುಡುಗಿ ಸೂಪರ್‌ವೈಸರ್ ಮುಖ ನೋಡಿದಳು. ಸೂಪರ್‌ವೈಸರ್ ಐವತ್ತೈದರ ಆಸುಪಾಸಿನವರು, ಕೊರಳಲ್ಲಿ ತುಳಸಿ ಮಾಲೆ, ವರ್ಷಕ್ಕೊಮ್ಮೆ ಪಂಢರಪುರಕ್ಕೆ ನಡೆದು ಹೋಗುವ ಮಾಳಕರಿ. ಈರುಳ್ಳಿ ಕೂಡ ಮುಟ್ಟುವುದಿಲ್ಲ ಎಂದು ಹೆಸರಾಗಿದ್ದರು. “ಮಾಡು, ಮಾಡು. ಪೇಪರಿನ್ಯಾಗ ಚಂದ ಬರೀಲಿ,” ಎಂದರು.

ಪರೀಕ್ಷೆಗೆ ಮೊದಲು ತುಂಬುವ ಫಾರ್ಮಿನಲ್ಲಿ ಒಂದು ಪ್ರಶ್ನೆ: ಕಳೆದ ಹತ್ತು ನಿಮಿಷದಲ್ಲಿ ಏನಾದರೂ ತಿಂದಿದ್ದೀರಾ, ಕುಡಿದಿದ್ದೀರಾ? ‘ಇಲ್ಲ’ ಎಂದು ಗುರುತು ಹಾಕಿ ಸಹಿ ಮಾಡಿದೆ. ಕಡ್ಡಿ ಬಾಯಲ್ಲಿಟ್ಟುಕೊಂಡು ಬೆಂಚಿನ ತುದಿಯಲ್ಲಿ ನಾಲ್ಕನೆಯವನಾಗಿ ಕುಳಿತೆ.

ಐದು ನಿಮಿಷವಾಯಿತು. ಬುಡ ನೀಲಿಯಾಗಲಿಲ್ಲ. ಚಿತ್ತಾಪುರದಿಂದ ಬಿಸಿಲಲ್ಲಿ ಮೋಟರ್ ಸೈಕಲ್ ಮೇಲೆ ಬಂದಿದ್ದೆ. ಬಾಯಿ ಒಣಗಿತ್ತು. ಪಕ್ಕದವರ ಕಡ್ಡಿ ನೀಲಿಯಾಗಿ ಒಬ್ಬೊಬ್ಬರೇ ಎದ್ದು ಹೋದರು. ಕಾಕಿ ಮಿರ್ಚಿ ಭಜಿಗೆ ಹಿಟ್ಟು ಕಲಸುತ್ತ ನನ್ನನ್ನೇ ನೋಡುತ್ತಿದ್ದರು.

“ಏನೋ ತಮ್ಮಾ, ನಿನಗೂ ಜೊಲ್ಲು ಬರವಲ್ದಾ? ಊರ ಮಂದಿ ಸುದ್ದಿ ಅಂದ್ರ ಬಾಯಾಗ ನೀರು ಸುರಿತಾವ ನಿಮಗ. ಈಗೇನಾತು?”

ಕಡ್ಡಿ ಇದ್ದುದರಿಂದ ಉತ್ತರ ಕೊಡಲಾಗಲಿಲ್ಲ. ಕಾಕಿ ಕೈ ಒರೆಸಿಕೊಂಡು, ಚಟ್ನಿಗೆಂದು ಇಟ್ಟಿದ್ದ ಡಬ್ಬಿಯಿಂದ ಅಡಿಕೆ ಗಾತ್ರದ ಹುಣಸೆಹಣ್ಣು ಚಿವುಟಿ ತಂದರು.

“ಹಿಡಿ. ಆ ಗಲ್ಲದಾಗ ಇದನ್ನ ಇಟಗೊ, ಈ ಗಲ್ಲದಾಗ ಕಡ್ಡಿ ಇರ್ಲಿ. ಈಗ ನೋಡು.”

ಅರ್ಧ ನಿಮಿಷ ಆಗಿರಲಿಕ್ಕಿಲ್ಲ. ಬುಡ ಗಾಢ ನೀಲಿಯಾಯಿತು. ಹುಣಸೆ ಬೀಜ ಉಗುಳಿ, ಕಡ್ಡಿ ಒಯ್ದು ಕೊಟ್ಟೆ.

ಎಂಟು ನಿಮಿಷದ ಮೇಲೆ ಫೋನ್ ಸಣ್ಣಗೆ ಕೂಗಿತು. ಹುಡುಗಿ ಪರದೆ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಪರದೆ ನೋಡಿದಳು.

“ಸರ್… ಗಾಂಜಾ.”

ಬಾಗಿಲಲ್ಲಿ ನಿಂತಿದ್ದ ಚಾಲಕರಿಗೆ ಇಷ್ಟು ಸಾಕಾಯಿತು.

“ಪೇಪರಿನೋರ ಗೇಟ್ ಪಾಸ್ ಕಸ್ಕೋರಿ ಮೊದಲ!”

“ಅದಕ್ಕ ನೋಡು ಅಂಥಾ ಸುದ್ದಿ ಬರೀತಾರ!”

“ಸರ್, ನಮಗೂ ಒಂದಿಷ್ಟು ಹೇಳ್ರಿ, ಚಿತ್ತಾಪುರದಾಗ ಎಲ್ಲಿ ಸಿಗ್ತದ?”

ನನ್ನ ಜೀವನದಲ್ಲಿ ನಾನು ಸೇದಿದ್ದು ಒಂದೇ ಒಂದು ಸಿಗರೇಟು, ಅದೂ ಕಾಲೇಜಿನಲ್ಲಿ, ಅದೂ ಅರ್ಧ. ಹುಡುಗಿ ಕೇಳಿದಳು, “ಸರ್, ಏನ್ ತಿಂದಿದ್ರಿ?”

“ಏನೂ ತಿಂದಿಲ್ಲ,” ಎಂದೆ.

ಹೇಳಿದ ಕೂಡಲೇ ನೋಟ್‌ಬುಕ್ಕಿನ ಆ ಎರಡು ಪದ ನೆನಪಾದವು. ಸುಳ್ಳು ಹೇಳಿರಲಿಲ್ಲ ನಾನು. ನಮ್ಮ ಕಡೆ ತಿನ್ನುವುದು ಬೇರೆ, ಬಾಯಲ್ಲಿ ಇಟ್ಟುಕೊಳ್ಳುವುದು ಬೇರೆ. ತಂಬಾಕು, ಎಲೆ, ಅಡಿಕೆ, ಲವಂಗ, ಹುಣಸೆ, ನೆಲ್ಲಿ ಇವೆಲ್ಲ ಇಟ್ಟುಕೊಳ್ಳುವ ಬಾಬತ್ತು. ಉಪವಾಸದ ದಿನವೂ ಗಲ್ಲದಲ್ಲಿ ಅಡಿಕೆ ಇರುತ್ತದೆ, ಉಪವಾಸ ಕೆಡುವುದಿಲ್ಲ. ತಿಂದಿದ್ದೀರಾ ಎಂದು ಕೇಳಿದರೆ ಇಲ್ಲ ಎಂಬುದೇ ಇಲ್ಲಿ ಪ್ರಾಮಾಣಿಕ ಉತ್ತರ.

ಹೊರಗೆ ಬಂದು ಕೇಳಿದೆ. “ಕಾಕಿ, ಆ ಚಿಂಚೋಳಿ ಡ್ರೈವರ್‌ಗೂ ಹುಣಸಿಹಣ್ಣು ಕೊಟ್ಟಿದ್ದೇನು?”

“ಕೊಟ್ಟಿದ್ದೆಪ್ಪಾ. ಕಡ್ಡಿ ಕಚಗೊಂಡು ಹತ್ತು ಮಿನಿಟ್ ಒದ್ದಾಡ್ಲಿಕತ್ತಿದ್ದ, ಗಾಡಿ ಲೋಡಾಗಿ ನಿಂತಿತ್ತು. ಪಾಪ ಅನ್ನಿಸ್ತು.”

“ಬ್ಯಾರೆ ಯಾರಿಗರ?”

“ಇಲ್ಲ. ಅವತ್ತ ಮೊದಲ. ಅದಾದ್ಮ್ಯಾಲ ನೀನ.”

“ಅಂವ ಸಿಕ್ಕಬಿದ್ದಾಗ ಹೇಳಬಾರದಾ?”

“ಯಾರ್ ಕೇಳ್ಯಾರ? ತಿಂದೇನು ಅಂತ ಅಂವನ್ನ ಕೇಳ್ಯಾರ, ಇಲ್ಲಂದಾನ. ತಿಂದಿಲ್ಲಲ್ಲ ಮತ್ತ! ಒಂದು ಚೂರು ಬಾಯಾಗ ಇಟಗೊಂಡಿದ್ದ, ಅಷ್ಟ.” ಆಮೇಲೆ ಅವರ ಮುಖ ಸ್ವಲ್ಪ ಬದಲಾಯಿತು. “ಯಾಕೋ? ನನ್ನ ಹುಣಸಿಹಣ್ಣಿನ್ಯಾಗ ಏನದ?”

ಹುಡುಗಿ ಆಗಲೇ ಒಳಗೆ ಕಿಟ್ಟಿನ ಜೊತೆ ಬಂದಿದ್ದ ಮಡಚಿದ ಹಾಳೆ ಬಿಡಿಸಿದ್ದಳು. ಇಂಗ್ಲಿಷ್, ಹಿಂದಿ ಎರಡೇ ಭಾಷೆ, ಇರುವೆಯಂಥ ಅಕ್ಷರ. ಹುಳಿ ಪದಾರ್ಥ ಬಾಯಲ್ಲಿದ್ದರೆ ಗೆರೆ ಮೂಡದೆ ಹೋಗಬಹುದು ಎಂದು ಒಂದು ಕಡೆ ಇತ್ತು. ನಿಂಬೆ, ತಂಪು ಪಾನೀಯ ಎಂದು ಉದಾಹರಣೆ ಇತ್ತು. ಹುಣಸೆಹಣ್ಣಿನ ಹೆಸರಿರಲಿಲ್ಲ. ಅವಳು ಫೋನಿನಲ್ಲಿ ಹಳೆಯ ದಾಖಲೆ ತೆಗೆದು, ಚಾಲಕರ ಪಟ್ಟಿಯ ಚಿತ್ರವನ್ನೂ ನನ್ನ ಪಟ್ಟಿಯ ಚಿತ್ರವನ್ನೂ ಒಂದರ ಪಕ್ಕ ಒಂದು ಇಟ್ಟು ತೋರಿಸಿದಳು. ಎರಡರಲ್ಲೂ ಗಾಂಜಾದ ಗೆರೆ ಇರಲಿಲ್ಲ. ಎರಡರಲ್ಲೂ ಉಳಿದ ನಾಲ್ಕು ಗೆರೆ ಮಸುಕಾಗಿದ್ದವು.

“ಅವತ್ತ ನಾ ಬರೇ ಕೆಂಪು ಚುಕ್ಕಿ ನೋಡೀನಿ ಸರ್,” ಎಂದಳು. “ಬಾಕಿ ಗೆರಿ ನೋಡಿಲ್ಲ. ನಾ ಒಳಗ ಇದ್ದೆ, ಅವರು ಬೆಂಚಿನ ಮ್ಯಾಲ. ಕಡ್ಡಿ ಬಾಯಾಗ ಇದ್ದಾಗ ಎದುರಿಗೇ ಇರಬೇಕು ಅಂತ ನಮಗ ಹೇಳ್ಯಾರ.”

ಕೆಂಪು ಚುಕ್ಕೆಯ ಕೆಳಗಿನ ಸಾಲನ್ನು ನಾನೂ ಬಿಟ್ಟಿದ್ದೆ ಎಂದು ಅವಳಿಗೆ ಹೇಳಿದೆ.

ಬಾಯಿ ಮೂರು ಸಲ ಮುಕ್ಕಳಿಸಿ, ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ಕುಳಿತು, ಎರಡನೇ ಸಲ ಪರೀಕ್ಷೆ ಮಾಡಿಸಿಕೊಂಡೆ. ಈ ಸಲ ಅವಳು ನನ್ನೆದುರು ಸ್ಟೂಲ್ ಹಾಕಿಕೊಂಡು ಕುಳಿತಳು. ಐದೂ ಗೆರೆ ಮೂಡಿದವು. ಹಸಿರು ಚುಕ್ಕೆ.

ಸೂಪರ್‌ವೈಸರ್ ಒಪ್ಪಲಿಲ್ಲ. “ಒಬ್ಬರಿಗಿ ಆತಂದ್ರ ಆತೇನು? ನಿಮ್ಮ ಬಾಯಿದೇ ಏನರ ಇದ್ದೀತು. ಮಾಲಕರಿಗಿ ನಾ ಏನ್ ಹೇಳ್ಲಿ, ಹುಣಸಿಹಣ್ಣು ಗಾಂಜಾ ಅಂತ ಹೇಳ್ಲಾ?”

“ಹಂಗಾದ್ರ ನೀವು ಒಂದ್ಸಲ ಇಟಗೋರಿ ಸಾಹೇಬ್ರ,” ಎಂದ ಒಬ್ಬ ಚಾಲಕ.

“ನನಗ್ಯಾಕಪ್ಪಾ?”

“ನೀವು ಮಾಳಕರಿ ಮನಷ್ಯಾ. ನಿಮ್ದ ಬಂದ್ರ ಸುಳ್ಳಂತ ಎಲ್ಲಾರೂ ಒಪ್ಪತಾರ.”

ಸೂಪರ್‌ವೈಸರ್ ತುಳಸಿ ಮಾಲೆಯ ಮೇಲೆ ಕೈಯಿಟ್ಟುಕೊಂಡು ಯೋಚಿಸಿದರು. ಹುಣಸೆಗೆ ಯಾವ ನಿಷೇಧವೂ ಇರಲಿಲ್ಲ. ಕಾಕಿ ಡಬ್ಬಿಯನ್ನೇ ತಂದು ಎದುರಿಗೆ ಹಿಡಿದರು. ಸಾಹೇಬರು ಒಂದು ಚೂರು ಗಲ್ಲಕ್ಕಿಟ್ಟು, ಕಡ್ಡಿ ಕಚ್ಚಿ, ಕಣ್ಣು ಮುಚ್ಚಿಕೊಂಡರು. ಎಂಟು ನಿಮಿಷ ಯಾರೂ ಅಲ್ಲಿಂದ ಕದಲಲಿಲ್ಲ. ಲೋಡಾದ ಎರಡು ಲಾರಿ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದ್ದವು.

ಫೋನ್ ಕೂಗಿತು. ಕೆಂಪು ಚುಕ್ಕೆ.

ಆ ನಗುವನ್ನು ನಾನು ವರದಿ ಮಾಡಲಾರೆ. ಕಾಕಿ ಸೆರಗು ಬಾಯಿಗೆ ಒತ್ತಿಕೊಂಡು ನೆಲದ ಮೇಲೆ ಕುಳಿತುಬಿಟ್ಟರು.

“ಸಾಹೇಬ್ರ, ನಿಮ್ದೂ ಮೂವತ್ತು ದಿನ ಗೇಟ್ ಬಂದ್!”

“ಪಂಢರಪುರದ ಹಾದ್ಯಾಗ ಏನೇನ್ ನಡೀತದೋ ಯಾರಿಗಿ ಗೊತ್ತು!”

ಸೂಪರ್‌ವೈಸರ್ ಹುಡುಗಿಯ ಕಡೆ ಬಾಗಿ ಮೆಲ್ಲಗೆ ಹೇಳಿದರು, “ಯವ್ವಾ, ಇದನ್ನ ಸೇವ್ ಮಾಡಬ್ಯಾಡ.”

“ತಾನ ಸೇವ್ ಆಗ್ತದ ಸರ್. ಮಾಲಕರ ಫೋನಿಗೂ ಹೋಗ್ಯದ.”

ಅವರು ಆ ಕ್ಷಣವೇ ಮಾಲಕರಿಗೆ ಫೋನ್ ಹಚ್ಚಿದರು. ಹದಿನಾರು ದಿನದಿಂದ ಚಾಲಕರ ಫೋನಿಗೆ ಸಿಗದೇ ಇದ್ದ ಮಾಲಕರು ಎರಡನೇ ರಿಂಗಿಗೆ ಸಿಕ್ಕರು. ಸಂಭಾಷಣೆಯ ಈ ಕಡೆಯದು ಮಾತ್ರ ನನಗೆ ಕೇಳಿಸಿತು. “ಇಲ್ರಿ… ದೇವರಾಣಿ ಇಲ್ರಿ… ಹುಣಸಿಹಣ್ಣು ಸಾಹೇಬ್ರ… ಹೌದ್ರಿ, ಹುಣಸಿಹಣ್ಣು… ಪೇಪರಿನೋರೂ ಇಲ್ಲೇ ಇದ್ದಾರ್ರಿ.” ಐದು ನಿಮಿಷದ ನಂತರ ಫೋನಿಟ್ಟು, ಚಿಂಚೋಳಿ ಚಾಲಕರನ್ನು ಶುಕ್ರವಾರ ಮರುಪರೀಕ್ಷೆಗೆ ಕರೆಯಲು ಹೇಳಿದ್ದಾರೆ ಎಂದರು. ಅದು ಸರಿಯಾಗಿ ಬಂದರೆ ಲ್ಯಾಬಿನ ವರದಿಗೆ ಕಾಯದೆ ಪಾಸ್ ಕೊಡುವುದು. ಕೆಂಪು ಬಿದ್ದರೆ ಅಲ್ಲಿಗೆ ಮುಗಿಯಿತು, ಪಟ್ಟಿಯಿಂದ ಹೆಸರು ತೆಗೆಯುವುದು.

ನಾನೇ ಫೋನ್ ಮಾಡಿ ಚಾಲಕರಿಗೆ ತಿಳಿಸಿದೆ. ಹುಣಸೆಯ ಮಾತನ್ನೂ ಹೇಳಿದೆ.

“ಅದು ತಿಂದಂಗ ಅಲ್ಲಲ್ರಿ,” ಎಂದರು.

“ಅಲ್ಲ,” ಎಂದೆ.

ಶುಕ್ರವಾರ, ಹದಿನೆಂಟನೇ ದಿನ, ಎಂಟೂವರೆಗೆ ಚಾಲಕರು ಬಂದರು. ಅದೇ ಬಿಳಿ ಅಂಗಿ. ಯಾರ್ಡಿನ ಅರ್ಧ ಮಂದಿ ಬೆಂಚಿನ ಸುತ್ತ ಸೇರಿದ್ದರು. ಕಾಕಿ ಹುಣಸೆ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಅವತ್ತಿನ ಭಜಿಗೆ ಚಟ್ನಿ ಇರಲಿಲ್ಲ, ಯಾರೂ ತಕರಾರು ಮಾಡಲಿಲ್ಲ. ಚಾಲಕರು ಬಾಯಿ ಮುಕ್ಕಳಿಸಿ ಹದಿನೈದು ನಿಮಿಷ ಕುಳಿತರು. ಹುಡುಗಿ ಟಾರ್ಚ್ ಹಾಕಿ ಎರಡೂ ಗಲ್ಲ ನೋಡಿದಳು. ಕಡ್ಡಿ ಕೊಟ್ಟಳು, ಎದುರಿಗೆ ಕುಳಿತಳು.

ಜೊಲ್ಲು ಬರಲಿಲ್ಲ. ನಾಲ್ಕು ನಿಮಿಷ. ಆರು ನಿಮಿಷ. ಹಣೆಯ ಮೇಲೆ ಬೆವರು ಧಾರಾಳವಾಗಿ ಬರುತ್ತಿತ್ತು, ಬಾಯಿ ಮಾತ್ರ ಒಣಗಿತ್ತು. ಕಾಕಿ ಒಲೆ ಬಿಟ್ಟು ಬೆಂಚಿನ ಸುತ್ತ ಸುಳಿಯತೊಡಗಿದರು.

“ಏನೂ ಕೊಡಂಗಿಲ್ಲ ಕಾಕಿ,” ಎಂದಳು ಹುಡುಗಿ, ತಿರುಗಿ ನೋಡದೆ.

“ಕೊಡಲ್ಲವ್ವಾ, ಕೊಡಲ್ಲ. ಮಾತಾಡಬಹುದೋ ಇಲ್ಲೋ?”

“ಮಾತಾಡ್ರಿ.”

ಕಾಕಿ ಚಾಲಕರ ಮುಂದೆ ಕುಕ್ಕರಗಾಲಲ್ಲಿ ಕುಳಿತರು. “ಕೇಳು ಮಗಾ. ಹಸಿ ಹುಣಸಿಕಾಯಿ. ಎಳೀದು. ಹಸಿಮೆಣಸಿನಕಾಯಿ, ಕಲ್ಲುಪ್ಪು, ಒಂಚೂರು ಬೆಲ್ಲ. ಕಲ್ಲಿನ್ಯಾಗ ಕುಟ್ಟೀನಿ. ಕುಟ್ಟೂ ಮುಂದ ರಸ ಹಾರಿ ನನ್ನ ಕೈಗಿ ಬಿತ್ತು.”

ಒಬ್ಬ ಚಾಲಕ ಅರ್ಥ ಮಾಡಿಕೊಂಡ. “ಹುಳಿ ಹುಳಿ ಪುಂಡಿಪಲ್ಯ ಮಾವಾ. ನಿನ್ನಿದು. ಬೆಳ್ಳುಳ್ಳಿ ಒಗ್ಗರಣಿ ಹಾಕಿ ಬಿಸಿ ಮಾಡೀದ್ದು. ಜ್ವಾಳದ ರೊಟ್ಟಿ ಮ್ಯಾಲ ಶೇಂಗಾದೆಣ್ಣಿ.”

“ಮಾವಿನಕಾಯಿ, ಖಾರ ಹಚ್ಚಿದ್ದು. ಸೇಡಂ ಟೇಶನ್ ಮುಂದ ಕೊಯ್ದು ಕೊಡ್ತಾಳಲ್ಲ, ಆಕಿದು.”

“ಬುಡ ನೋಡ್ರಿ, ಬುಡ ನೋಡ್ರಿ!”

ಸುತ್ತ ನಿಂತವರೆಲ್ಲ ನುಂಗಿಕೊಳ್ಳುತ್ತಿದ್ದರು. ಸೂಪರ್‌ವೈಸರ್ ಕೂಡ. ಒಂಬತ್ತನೇ ನಿಮಿಷಕ್ಕೆ ಬುಡ ನೀಲಿಯಾಯಿತು. ಹುಡುಗಿ ಕಡ್ಡಿಯನ್ನು ತಾನೇ ತೆಗೆದುಕೊಂಡು ಒಳಗೆ ಹೋದಳು. ಮತ್ತೆ ಎಂಟು ನಿಮಿಷ. ಚಾಲಕರು ಬೆಂಚಿನಲ್ಲೇ ಕುಳಿತರು, ಪ್ಲಾಸ್ಟಿಕ್ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

ಹುಡುಗಿ ಬಾಗಿಲಿಗೆ ಬಂದು ಫೋನನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿ ಹಿಡಿದಳು. ಐದು ಗೆರೆ. ಹಸಿರು.

ಒಂಬತ್ತು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಸೂಪರ್‌ವೈಸರ್ ಗೇಟ್ ಪಾಸನ್ನು ಚಾಲಕರ ಕೈಗೆ ಕೊಟ್ಟರು. ಕಾಕಿ ಎಲ್ಲರಿಗೂ ಚಹಾ ಕೊಟ್ಟರು. ಚಾಲಕರು ಚಹಾ ಕುಡಿದು, ಬಾಯಿ ಒರೆಸಿಕೊಂಡು, ನನ್ನ ಕಡೆ ತಿರುಗಿದರು. “ನಿಮ್ಮದು ಬಾಕಿ ಅದ ನೋಡ್ರಿ.”

ಬೆಂಚಿನ ಮೇಲೆ ಕುಳಿತು ತಿದ್ದುಪಡಿ ಬರೆದು ಅವರಿಗೆ ಓದಿ ಹೇಳಿದೆ. ‘ಏಪ್ರಿಲ್ ಮೊದಲ ವಾರ ವಾಡಿ ಸಮೀಪದ ಲಾರಿ ಯಾರ್ಡಿನಲ್ಲಿ ಚಾಲಕರೊಬ್ಬರು ಗಾಂಜಾ ಸೇವಿಸಿರುವುದು ದೃಢಪಟ್ಟಿದೆ ಎಂಬ ವರದಿ ಸರಿಯಲ್ಲ.’

“ಯಾರು ಇದು, ‘ಚಾಲಕರೊಬ್ಬರು’?”

“ನೀವೇ.”

“ಚಂದಾಪುರದಾಗ ಹ್ಯಾಂಗ್ ಗೊತ್ತಾಗ್ಬೇಕ್ರಿ? ಸಿಕ್ಕಬಿದ್ದಾಗ ಚಿಂಚೋಳಿ, ನಲವತ್ನಾಕು ವರ್ಷ. ಬಿಟ್ಟಾಗ ‘ಚಾಲಕರೊಬ್ಬರು’!”

ತಿದ್ದಿದೆ. ‘ಚಿಂಚೋಳಿ ತಾಲ್ಲೂಕಿನ 44 ವರ್ಷದ ಚಾಲಕರು’ ಎಂದು ಹಾಕಿದೆ. ಪರೀಕ್ಷೆಯ ವೇಳೆ ಬಾಯಲ್ಲಿದ್ದ ಹುಣಸೆಹಣ್ಣಿನಿಂದ ಫಲಿತಾಂಶ ತಪ್ಪಾಗಿ ಬಂದಿರುವ ಸಾಧ್ಯತೆ ಇದೆ ಎಂದೂ, ಮರುಪರೀಕ್ಷೆಯಲ್ಲಿ ಯಾವ ಮಾದಕ ವಸ್ತುವೂ ಕಂಡುಬಂದಿಲ್ಲ ಎಂದೂ, ‘ದೃಢಪಟ್ಟಿದೆ’ ಎಂದು ಬರೆದದ್ದು ವರದಿಗಾರರ ತಪ್ಪು ಎಂದೂ ಸೇರಿಸಿದೆ. ಓದಿ ಹೇಳಿದೆ. ಕೈ ಕಟ್ಟಿಕೊಂಡು ಕೇಳಿದರು.

“ಜಾಗಾ?”

“ಯಾವ ಜಾಗಾ?”

“ಐದನೇ ಪೇಜಿನ ಎಡಕ್ಕ, ತೆಳಗ. ಅಲ್ಲೇ ಬರಬೇಕ್ರಿ. ಕಟಿಂಗ್ ಅಂಗಡ್ಯಾಂವ ಅಲ್ಲೇ ಓದ್ತಾನ.”

ಕಲಬುರಗಿಗೆ ಫೋನ್ ಮಾಡಿ ಹೇಳಿದೆ. ಮುಖ್ಯಸ್ಥರು ಹುಣಸೆಯ ಕಥೆಯನ್ನು ಎರಡು ಸಲ ಹೇಳಿಸಿಕೊಂಡರು. “ವರದಿಗಾರರ ತಪ್ಪು ಅನ್ನೋದು ಬೇಕೇನೋ?” ಎಂದು ಕೇಳಿದರು. ಬೇಕು ಎಂದೆ. “ಇರ್ಲಿ,” ಎಂದರು. ಆ ಜಾಗದಲ್ಲಿ ಒಂದು ಜಾಹೀರಾತು ಇತ್ತಂತೆ, ಬಲಕ್ಕೆ ಸರಿಸಿದರು. ಶನಿವಾರ ಐದನೇ ಪುಟದ ಎಡಗಡೆ, ಕೆಳಗೆ, ಆರು ಸಾಲು ಬಂತು. ಚಾಲಕರು ಅವತ್ತು ಬೆಳಿಗ್ಗೆ, ಗಡ್ಡ ಬೆಳೆದಿರದಿದ್ದರೂ, ಕಟಿಂಗ್ ಅಂಗಡಿಗೆ ಹೋಗಿ ಕುಳಿತು ಬಂದರೆಂದು ಆಮೇಲೆ ಹೇಳಿದರು. ಪಕ್ಕದ ಕುರ್ಚಿಯವನು ಓದಲಿಲ್ಲ. ಅವರೇ ಗಟ್ಟಿಯಾಗಿ ಓದಿದರು.

ಹೈದರಾಬಾದಿನ ಪ್ರಯೋಗಾಲಯದ ವರದಿ ಇಪ್ಪತ್ತೆಂಟನೇ ದಿನ, ಸೋಮವಾರ ಬಂತು. ಒಂದೇ ಪುಟ. ಐದು ವಸ್ತುಗಳ ಮುಂದೆಯೂ ‘ಇಲ್ಲ’ ಎಂದಿತ್ತು.

ಯಾರ್ಡಿನ ಪರೀಕ್ಷೆಯ ಫಾರ್ಮಿನಲ್ಲಿ ಈಗ ಎರಡು ಪ್ರಶ್ನೆಗಳಿವೆ. ಏನಾದರೂ ತಿಂದಿದ್ದೀರಾ, ಕುಡಿದಿದ್ದೀರಾ ಎಂಬುದು ಮೊದಲನೆಯದು. ಬಾಯಲ್ಲಿ ಏನಾದರೂ ಇಟ್ಟುಕೊಂಡಿದ್ದೀರಾ ಎಂಬುದು ಎರಡನೆಯದು. ಬೆಂಚನ್ನು ಬೇವಿನ ನೆರಳಿನಿಂದ ಕೋಣೆಯ ಬಾಗಿಲ ಎದುರಿಗೆ ಸರಿಸಿದ್ದಾರೆ, ಮೇಲೆ ತಗಡು ಹೊದಿಸಿದ್ದಾರೆ. ಸೂಪರ್‌ವೈಸರ್ ಅವರ ಕೆಂಪು ಚುಕ್ಕೆ ದಾಖಲೆಯಲ್ಲಿ ಹಾಗೇ ಇದೆ. ಅದನ್ನು ಅಳಿಸುವ ಸೌಲಭ್ಯ ಆ ಫೋನಿನಲ್ಲಿ ಇಲ್ಲ.

ಕಳೆದ ಸೋಮವಾರ ಬೆಳಿಗ್ಗೆ ಫೋನ್ ಮತ್ತೆ ಚಿಂಚೋಳಿ ಚಾಲಕರ ಹೆಸರು ಆರಿಸಿತು. ಕಡ್ಡಿಯ ಬುಡ ನೀಲಿಯಾಗಲು ಏಳು ನಿಮಿಷ ಹಿಡಿಯಿತು. ಐದೂ ಗೆರೆ ಮೂಡಿದವು. ಒಂಬತ್ತು ಗಂಟೆ ಐದು ನಿಮಿಷಕ್ಕೆ ಅವರ ಲಾರಿ ಪರಸಿ ಹೇರಿಕೊಂಡು ಗೇಟ್ ದಾಟಿ ಸೇಡಂ ಕಡೆ ಹೋಯಿತು.